ಏಳು ಬೇಡ, ಒಂಬತ್ತು ಬೇಕು

ನಮ್ಮ ಬಸ್ ನಿಲ್ದಾಣದಲ್ಲಿ ಎಂಟು ಅಂಕಣಗಳಿವೆ, ಒಂದು ವಿಚಾರಣೆ ಕಿಟಕಿ ಇದೆ, ಒಂದು ಮೈಕಿದೆ. ಕಿಟಕಿಯ ಹಿಂದೆ ಕೂರುವವನು ನಾನು. ಮೈಕಿನ ಹಿಂದೆ ಕೂರುವವನು ನನ್ನ ಗೆಳೆಯ. ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆ ಎಂದು ಅವನು ಕೂಗುತ್ತಾನೆ, ಸರಿಯಾಗಿ ಕೇಳಿಸದವರು ಬಂದು ನನ್ನನ್ನು ಕೇಳುತ್ತಾರೆ. ಅಂದರೆ ಅವನ ಬಾಯಿ ತಪ್ಪಿದರೆ ಬೈಸಿಕೊಳ್ಳುವವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನನ್ನ ಮಾತಿನಲ್ಲಿ ಎಲ್ಲಾದರೂ ಸಿಡಿಮಿಡಿ ಕಂಡರೆ ಓದುಗರು ಕ್ಷಮಿಸಬೇಕು.

"ಪ್ರಯಾಣಿಕರ ಗಮನಕ್ಕೆ" ಎಂದು ಇಪ್ಪತ್ತೆರಡು ವರ್ಷ ಹೇಳಿ ಹೇಳಿ ಅವನಿಗೆ ಗಮನಪ್ಪ ಎಂದೇ ಹೆಸರು ಬಿದ್ದಿದೆ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇದೆ. ಮನೆಯಲ್ಲೂ ಅವನು ನಮ್ಮ ನಿಮ್ಮ ಹಾಗೆ ಮಾತಾಡುವುದಿಲ್ಲ. "ಮನೆಯವರ ಗಮನಕ್ಕೆ, ನನ್ನ ಕನ್ನಡಕ ಕಾಣ್ತಿಲ್ಲ" ಎನ್ನುತ್ತಾನೆ. ಹೆಂಡತಿ ಹೊಲಿಗೆ ಯಂತ್ರದಿಂದ ತಲೆ ಎತ್ತದೆ, "ನಿಮ್ಮ ತಲೆ ಮೇಲೇ ನಿಂತಿದೆ, ಹೊರಡೋಕೆ ಸಿದ್ಧವಾಗಿದೆ" ಎನ್ನುತ್ತಾಳೆ.

ನಿಲ್ದಾಣದ ಹಿಂದೆಯೇ ನಮ್ಮ ನೌಕರರ ವಸತಿ ಸಾಲು, ಹತ್ತು ಮನೆ. ಅವನದು ಏಳನೆಯದು, ನನ್ನದು ಎಂಟನೆಯದು, ನಡುವೆ ಒಂದೇ ಗೋಡೆ. ಗಮನಪ್ಪನಿಗೆ ತನ್ನ ಧ್ವನಿಯ ಮೇಲೆ ಇರುವ ಹೆಮ್ಮೆ ಅಷ್ಟಿಷ್ಟಲ್ಲ. ಅದರಲ್ಲೂ ಒಂದು ಪದವನ್ನು ಹೇಳುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ಅವನ ನಂಬಿಕೆ. ದಿನಾ ಬೆಳಗಿನ ಜಾವ ನಾಲ್ಕೂವರೆಗೆ ಮಗಳ ಕೋಣೆಯ ಬಾಗಿಲಲ್ಲಿ ನಿಂತು, ಎದೆ ತುಂಬ ಉಸಿರು ಎಳೆದುಕೊಂಡು, "ಏಳು!" ಎನ್ನುತ್ತಿದ್ದ. ಒಂದೇ ಸಲ. ಮಗಳು ಏಳುತ್ತಿದ್ದಳು. ಗೋಡೆಯಾಚೆ ನಾನೂ ಏಳುತ್ತಿದ್ದೆ. ಮಹಡಿಯ ಮೇಲಿನ ನಿವೃತ್ತ ಕಂಡಕ್ಟರೂ ಏಳುತ್ತಿದ್ದರು. ಮೊದಲ ಬಸ್ಸಿನ ಚಾಲಕ ಇರುವುದು ಸಾಲಿನ ಕೊನೆಯ ಮನೆಯಲ್ಲಿ, ಅವನೂ ಏಳುತ್ತಿದ್ದ. ನಮ್ಮ ಸಾಲಿನಲ್ಲಿ ಅಲಾರಂ ಇಟ್ಟುಕೊಂಡವರು ಯಾರೂ ಇರಲಿಲ್ಲ.

ಮಗಳಿಗೆ ಹದಿನಾರು ವರ್ಷ, ಹತ್ತನೇ ತರಗತಿ. ಹಿಂದೆಲ್ಲ ಬಲು ಚೂಟಿ ಹುಡುಗಿ. ಅಪ್ಪ ಮೈಕಿನಲ್ಲಿ ಕೂಗುವುದನ್ನು ಹಾಗೇ ಅಣಕಿಸಿ ತೋರಿಸುತ್ತಿದ್ದಳು, ಕಣ್ಣು ಮುಚ್ಚಿಕೊಂಡು ಕೇಳಿದರೆ ಬಸ್ಸಿಗೆ ಓಡಬೇಕು ಎನ್ನಿಸುತ್ತಿತ್ತು. ಈ ವರ್ಷ ಆ ಅಣಕವೂ ಇಲ್ಲ, ನಗುವೂ ಇಲ್ಲ. ಮಲಗಲು ಹೋದರೆ ಹನ್ನೊಂದೂವರೆ ಹನ್ನೆರಡರವರೆಗೆ ನಿದ್ದೆ ಬಾರದು, ನಾಲ್ಕೂವರೆಗೆ ಅಪ್ಪ ಬಿಡನು. ಒಂದು ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ಷಿನಿಂದ ತಲೆ ಬಾಚಿಕೊಳ್ಳುತ್ತಿದ್ದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಏನಮ್ಮ ಇದು ಎಂದು ಕೇಳಿದರೆ ಮುಖ ಸಿಂಡರಿಸಿದಳು, ಮರುಕ್ಷಣ ಕಣ್ಣಲ್ಲಿ ನೀರು. ನನಗೆ ಪಾಪ ಎನಿಸಿತು.

ಗಮನಪ್ಪ ಮಾತ್ರ, "ಚಳಿಗೆ ಇಂಜಿನ್ ಸ್ವಲ್ಪ ತಡವಾಗಿ ಬಿಸಿಯಾಗುತ್ತೆ, ಅಷ್ಟೇ" ಎಂದ.

ಆಮೇಲೆ ಒಂದು ಗುರುವಾರ ಆ ಘಟನೆ ನಡೆಯಿತು. ಶಾಲೆಯ ಪೂರ್ವಸಿದ್ಧತಾ ಪರೀಕ್ಷೆ, ವಿಜ್ಞಾನ. ಹುಡುಗಿ ಮೂರನೇ ಪ್ರಶ್ನೆಗೆ ಉತ್ತರ ಬರೆದು, ಅದರ ಮೇಲೇ ಕೆನ್ನೆಯಿಟ್ಟು ಮಲಗಿಬಿಟ್ಟಳು. ಗಂಟೆ ಹೊಡೆದ ಮೇಲೆ ಎಬ್ಬಿಸಿದರೆ, ಉತ್ತರ ಹಾಳೆಯಲ್ಲಿ ಇರಲಿಲ್ಲ, ಕೆನ್ನೆಯಲ್ಲಿತ್ತು. ಹೆಡ್ ಮಿಸ್ ಕನ್ನಡಿ ತರಿಸಿ ಓದಿದರಂತೆ. ಉತ್ತರ ಸರಿಯಾಗೇ ಇತ್ತು, ಆದರೆ ಕೆನ್ನೆಗೆ ಅಂಕ ಕೊಡುವ ನಿಯಮ ಇಲ್ಲ.

ಮರುದಿನ ಗಮನಪ್ಪನನ್ನು ಶಾಲೆಗೆ ಕರೆಸಿದರು. ಜೊತೆಗೆ ನಾನೂ ಹೋಗಿದ್ದೆ.

"ನೋಡಿ, ಹುಡುಗಿ ಜಾಣೆ" ಎಂದರು ಹೆಡ್ ಮಿಸ್. "ಓದೋಕೆ ರಜೆ ಕೊಟ್ಟಿದ್ದೀವಿ. ಈ ಸೋಮವಾರ ಬಿಟ್ಟು ಮುಂದಿನ ಸೋಮವಾರ ಇದೇ ಪರೀಕ್ಷೆ ಇನ್ನೊಂದ್ಸಲ ಬರೀಲಿ. ಅವತ್ತೂ ಮಲಗಿದ್ಳು ಅಂದ್ರೆ, ಈ ವರ್ಷ ದೊಡ್ಡ ಪರೀಕ್ಷೆಗೆ ಕೂರಿಸೋಕೆ ನನ್ನಿಂದ ಆಗಲ್ಲ. ಮುಂದಿನ ವರ್ಷ ನೋಡೋಣ."

ಗಮನಪ್ಪನ ಮುಖ ಇಳಿದುಹೋಯಿತು. ಒಬ್ಬಳೇ ಮಗಳು, ಒಂದು ವರ್ಷ ಹೋಗುವುದೆಂದರೆ ಏನು ಸಾಮಾನ್ಯವೇ? ದಾರಿಯುದ್ದಕ್ಕೂ ಯೋಚಿಸಿ ಕೊನೆಗೆ ಅವನು ಕಂಡುಕೊಂಡ ಪರಿಹಾರ ಇದು: "ಇನ್ಮೇಲೆ ನಾಲ್ಕೂವರೆ ಬೇಡ ಕಣಯ್ಯಾ, ನಾಲ್ಕಕ್ಕೇ ಎಬ್ಬಿಸ್ತೀನಿ. ಅದಕ್ಕೆ ತಡಕೊಳ್ಳೋ ಹಾಗೆ ಡಾಕ್ಟ್ರ ಹತ್ರ ಒಂದು ಟಾನಿಕ್ ಬರೆಸೋಣ."

ಅವಳಿಗೆ ನಾಲ್ಕು ಗಂಟೆ ಎಂದರೆ ನನಗೂ ನಾಲ್ಕು ಗಂಟೆಯೇ. ಗೋಡೆ ಒಂದೇ ಎಂದು ಹೇಳಿದೆನಲ್ಲ.

ಅಂದೇ ನೌಕರರ ಚಿಕಿತ್ಸಾಲಯಕ್ಕೆ ಮಗಳನ್ನು ಕರೆದುಕೊಂಡು ಹೋದೆವು. ಡಾಕ್ಟರಮ್ಮನಿಗೆ ಅಂದು ಗಂಟಲು ಕಟ್ಟಿತ್ತು. ಮಾತೇ ಇಲ್ಲ, ಎಲ್ಲ ಕೈಸನ್ನೆ, ಇಲ್ಲವೇ ಚೀಟಿ. ಮಗಳನ್ನು ತಪಾಸಣೆಯ ಮಂಚದ ಮೇಲೆ ಮಲಗು ಎಂದು ಸನ್ನೆ ಮಾಡಿದರು. ಅವಳು ಮಲಗಿದಳು. ನಿಜವಾಗಿಯೂ ಮಲಗಿದಳು. ನಾಡಿ ನೋಡುವಷ್ಟರಲ್ಲಿ ಗೊರಕೆ ಶುರುವಾಗಿತ್ತು.

ದಿನಕ್ಕೆ ಎಷ್ಟು ಗಂಟೆ ನಿದ್ದೆ ಎಂದು ಡಾಕ್ಟರಮ್ಮ ಬೆರಳು ಎಣಿಸಿ ಕೇಳಿದರು.

"ಐದು ಗಂಟೆಗೆ ಕೊರತೆ ಇಲ್ಲ ಡಾಕ್ಟ್ರೇ" ಎಂದ ಗಮನಪ್ಪ. "ಪರೀಕ್ಷೆ ಮುಗೀಲಿ, ಆಮೇಲೆ ಬೇಕಾದ್ರೆ ಏಳು ಕೊಡೋಣ."

ಡಾಕ್ಟರಮ್ಮ ಪೆನ್ನು ಕೈಗೆತ್ತಿಕೊಂಡರು. ಅಲ್ಲಿಗೆ ಸುಮ್ಮನಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಗಮನಪ್ಪನಿಗೆ ಕೇಳುಗರು ಸಿಕ್ಕರೆ ಬಾಯಿ ನಿಲ್ಲುವುದಿಲ್ಲ. "ನಾನು ಎಬ್ಬಿಸೋ ಪದ್ಧತಿ ಒಂದಿದೆ, ನೀವು ಕೇಳ್ಬೇಕು" ಎಂದವನೇ ಎದ್ದು ನಿಂತು, ಎದೆ ತುಂಬ ಉಸಿರು ಎಳೆದುಕೊಂಡು, "ಏಳು!" ಎಂದ.

ಕಿಟಕಿಯ ಗಾಜು ಅದುರಿತು. ಕಾಂಪೌಂಡರ್ ಕೈಯಿಂದ ಕೆಮ್ಮಿನ ಔಷಧಿಯ ಬಾಟಲಿ ಕೆಳಗೆ ಬಿತ್ತು. ಹೊರಗಿನ ಬೆಂಚಿನ ಮೇಲೆ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದ ಚಾಲಕರೊಬ್ಬರು ಎದ್ದು ನಿಂತೇಬಿಟ್ಟರು, ನಿಂತ ಮೇಲೆ ನೋವು ನೆನಪಾಗಿ ಕಿರುಚಿದರು. ನಾನು ಓಡಿಹೋಗಿ ಅವರನ್ನು ಹಿಡಿದುಕೊಂಡೆ. ಆ ಶಬ್ದಕ್ಕೆ ಮಿಸುಕದೆ ಇದ್ದವಳು ಮಂಚದ ಮೇಲಿನ ಹುಡುಗಿ ಒಬ್ಬಳೇ.

ಡಾಕ್ಟರಮ್ಮ ಅವಳನ್ನು ತುಂಬ ಹೊತ್ತು ನೋಡಿದರು. ಆಮೇಲೆ ಒಂದು ಚೀಟಿ ಬರೆದು ಗಮನಪ್ಪನ ಕೈಗಿಟ್ಟು, ಬಾಗಿಲು ತೋರಿಸಿದರು. ಗಂಟಲಿಗೆ ವಿಶ್ರಾಂತಿ ಬೇಕೆಂದು ಮಧ್ಯಾಹ್ನದಿಂದಲೇ ಅವರು ರಜೆ ಹಾಕಿ ಹೋದರು. ಬಾಗಿಲಿಗೆ "ಮುಂದಿನ ಶನಿವಾರ ಸಿಗುತ್ತಾರೆ" ಎಂಬ ಹಲಗೆ ಬಿತ್ತು.

ಚೀಟಿಯಲ್ಲಿ ಇದ್ದದ್ದು ಎರಡೇ ಮಾತು.

"ಏಳು ಬೇಡ. ಒಂಬತ್ತು ಬೇಕು."

ಗಮನಪ್ಪ ಅದನ್ನು ಚಿಕಿತ್ಸಾಲಯದ ಮೆಟ್ಟಿಲ ಮೇಲೆ ನಿಂತು ಮೂರು ಸಲ ಓದಿದ. "ನೋಡಿದ್ಯಾ? ನನ್ನ ಧ್ವನಿಯ ಶಕ್ತಿ ಎಂಥದು ಅಂತ ಡಾಕ್ಟ್ರಿಗೆ ಒಂದೇ ಸಲಕ್ಕೆ ಗೊತ್ತಾಗೋಯ್ತು. ಆ ಪದ ಅವಳ ನರಕ್ಕೆ ತಾಗಿದೆ. 'ಏಳು' ಅನ್ನೋದು ಬೇಡ ಅಂತ ಬರೆದಿದ್ದಾರೆ."

"ಒಂಬತ್ತು ಬೇಕು ಅಂದ್ರೆ?"

"ಒಂಬತ್ತು ದಿನ ಪಥ್ಯ. ನಾಳೆಯಿಂದ ಎಣಿಸು. ಶನಿವಾರದಿಂದ ಆ ಭಾನುವಾರಕ್ಕೆ ಸರಿಯಾಗಿ ಒಂಬತ್ತು. ಹತ್ತನೇ ದಿನ ಪರೀಕ್ಷೆ! ಎಷ್ಟು ಲೆಕ್ಕ ಹಾಕಿ ಬರೆದಿದ್ದಾರೆ ನೋಡು."

ನಾನು ಬೆರಳು ಮಡಿಸಿ ಎಣಿಸಿದೆ. ಸರಿಯಾಗೇ ಇತ್ತು. ಇದು ಗಂಟೆಯ ಲೆಕ್ಕ ಇರಬಹುದೇ ಎಂಬ ಸಂಶಯ ನನಗೆ ಬರಲಿಲ್ಲವೇ ಎಂದು ನೀವು ಕೇಳಬಹುದು. ಬಂದಿತ್ತು. ಆದರೆ ಒಂಬತ್ತು ದಿನ ಬೆಳಗಿನ ಜಾವ ಗೋಡೆಯಾಚೆಯಿಂದ ಆ ಕೂಗು ಕೇಳಿಸುವುದಿಲ್ಲ ಎಂಬ ಸಂತೋಷದಲ್ಲಿ ಆ ಸಂಶಯವನ್ನು ನುಂಗಿಕೊಂಡೆ.

ಮನೆಯಲ್ಲಿ ಅವನ ಹೆಂಡತಿ ಚೀಟಿ ಓದಿ, "ರೀ, ಇದು ನಿದ್ದೆ ಗಂಟೆ ಅಲ್ವಾ?" ಎಂದಳು.

"ನೀನು ಡಾಕ್ಟ್ರಾ?" ಎಂದ ಗಮನಪ್ಪ.

"ಅಲ್ಲ."

"ಮತ್ತೆ!"

ಮಗಳೂ ಚೀಟಿ ತೆಗೆದುಕೊಂಡಳು. ಎರಡು ಸಲ ಓದಿದಳು. ಅಪ್ಪನ ಮುಖ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು, ಆಕಳಿಕೆ ಬಂತು. ಚೀಟಿಯನ್ನು ನಾಲ್ಕಾಗಿ ಮಡಿಸಿ ಕಂಪಾಸ್ ಬಾಕ್ಸಿನೊಳಗಿಟ್ಟು, "ಡಾಕ್ಟ್ರು ಹೇಳಿದ ಹಾಗೇ ಮಾಡೋಣ ಅಪ್ಪ" ಎಂದಳು.

ಮೊದಲನೇ ದಿನ, ಶನಿವಾರ. ನಾಲ್ಕೂವರೆಗೆ ಗಮನಪ್ಪ ಅಭ್ಯಾಸಬಲದಿಂದ ಮಗಳ ಬಾಗಿಲಲ್ಲಿ ನಿಂತನಂತೆ, ಉಸಿರನ್ನೂ ಎಳೆದುಕೊಂಡನಂತೆ, ಹೆಂಡತಿ ಬಾಯಿಗೆ ಟವೆಲ್ ಅಡ್ಡ ಹಿಡಿದಳಂತೆ. ಪದವೇ ಬೇಡ ಎಂದ ಮೇಲೆ ಎಬ್ಬಿಸುವುದೂ ಬೇಡ ಎಂದು ತೀರ್ಮಾನವಾಯಿತು. ಹುಡುಗಿ ಹನ್ನೊಂದು ಗಂಟೆಯವರೆಗೆ ಮಲಗಿದಳು. ತಾಯಿಗೆ ಗಾಬರಿಯಾಗಿ ಮೂಗಿನ ಮುಂದೆ ಹೊಲಿಗೆ ದಾರ ಹಿಡಿದು ನೋಡಿದಳು. ದಾರ ಅಲ್ಲಾಡಿತು, ಸಮಾಧಾನವಾಯಿತು.

ಅಂದು ನಮ್ಮ ಸಾಲಿನ ಉಳಿದ ಒಂಬತ್ತೂ ಮನೆಯವರು ತಡವಾಗಿ ಎದ್ದೆವು. ಮೊದಲ ಬಸ್ಸು ನಲವತ್ತು ನಿಮಿಷ ತಡವಾಗಿ ಹೊರಟಿತು. ಅದರಲ್ಲಿ ಹೋಗಬೇಕಾದವರೆಲ್ಲ ನನ್ನ ಕಿಟಕಿಗೆ ಬಂದರು.

ಪಥ್ಯ ಎಂದರೆ ಕಟ್ಟುನಿಟ್ಟಾಗಿರಬೇಕು ಎಂದು ಗಮನಪ್ಪ ಮನೆ ಮನೆಗೂ ಹೋಗಿ ಹೇಳಿದ. ಎಬ್ಬಿಸುವ ಏಳು ಮಾತ್ರವಲ್ಲ, ಎಣಿಸುವ ಏಳೂ ಅವಳ ಕಿವಿಗೆ ಬೀಳಬಾರದು. ನರಕ್ಕೆ ಎಣಿಕೆ ಯಾವುದು, ಎಬ್ಬಿಸುವುದು ಯಾವುದು ಎಂದು ಹೇಗೆ ಗೊತ್ತಾಗುತ್ತದೆ? ಮನೆಯ ಬಾಗಿಲಿನ ನಂಬರ್ ಹಲಗೆಯನ್ನು ತಿರುಗಿಸಿ ಹೊಡೆದ. ಅಂದಿನಿಂದ ಅಂಚೆಯವನು ಅವನ ಕಾಗದವನ್ನೆಲ್ಲ ನನ್ನ ಮನೆಗೆ ಹಾಕಿದ.

ಮಹಡಿಯ ನಿವೃತ್ತ ಕಂಡಕ್ಟರು ಸಮಾಧಾನ ಹೇಳಲು ಇಳಿದು ಬಂದರು. "ಚಿಂತೆ ಮಾಡ್ಬೇಡಪ್ಪ. ಜೀವನ ಅಂದ್ಮೇಲೆ ಏಳು..."

ಗಮನಪ್ಪ ಎರಡೂ ಕೈ ಎತ್ತಿದ.

ಕಂಡಕ್ಟರು ಗಂಟಲು ಸರಿಮಾಡಿಕೊಂಡರು. "ಜೀವನ ಅಂದ್ಮೇಲೆ ಬೀಳು ಇದ್ದದ್ದೇ." ಸ್ವಲ್ಪ ಯೋಚಿಸಿ, "ಬರೀ ಬೀಳು ಅಂದ್ರೆ ಸಮಾಧಾನ ಹೇಳಿದ ಹಾಗೆ ಆಗಲ್ವಲ್ಲಪ್ಪ" ಎಂದು ಬೇಸರದಿಂದ ಮೆಟ್ಟಿಲು ಹತ್ತಿಹೋದರು.

ನನ್ನ ಕಿರಿಮಗಳು ಅದೇ ಶಾಲೆಯಲ್ಲಿ ನಾಲ್ಕನೇ ತರಗತಿ, ಮಗ್ಗಿ ಕಲಿಯುವ ಕಾಲ. ಆರರ ಮಗ್ಗಿ ಮುಗಿಸಿ ನೇರವಾಗಿ ಎಂಟಕ್ಕೆ ಹಾರಿದಳು. "ಪಕ್ಕದ್ಮನೆ ಅಕ್ಕಂಗೆ ಹುಷಾರಿಲ್ಲ, ಅದಕ್ಕೆ ನಡುವಿನ ಮಗ್ಗಿ ರದ್ದು" ಎಂದು ತರಗತಿಯಲ್ಲೂ ಹೇಳಿದಳು. ಮಕ್ಕಳ ಕರುಣೆ ದೊಡ್ಡದು. ಮಂಗಳವಾರದ ಹೊತ್ತಿಗೆ ಇಡೀ ನಾಲ್ಕನೇ ತರಗತಿ, ಅಕ್ಕ ಗುಣವಾಗುವವರೆಗೆ ಆ ಮಗ್ಗಿ ಹೇಳುವುದಿಲ್ಲ ಎಂದು ಶಪಥ ಮಾಡಿತ್ತು.

ಬುಧವಾರ ಸಂಜೆ ಶಾಲೆ ಬಿಟ್ಟ ಮೇಲೆ ಹೆಡ್ ಮಿಸ್ ಕೊಡೆ ಊರಿಕೊಂಡು ನಮ್ಮ ಸಾಲಿಗೆ ಬಂದರು.

"ಏಳರ ಮಗ್ಗಿ ನಿಲ್ಲಿಸಿದ್ದು ಯಾರ್ರೀ?"

"ಮೆಲ್ಲಗೆ ಮಿಸ್, ಮೆಲ್ಲಗೆ" ಎಂದು ಗಮನಪ್ಪ ಅಂಗಳಕ್ಕೆ ಓಡಿಬಂದ. "ಆ ಪದ ಬೇಡ."

"ಯಾವ ಪದ?"

"ಅದೇ, ಆರಾದ್ಮೇಲೆ ಬರೋದು."

"ಏಳಾ?"

"ಅಯ್ಯೋ!"

"ನಾನು ಇಪ್ಪತ್ತೇಳು ವರ್ಷದಿಂದ ಪಾಠ ಹೇಳ್ತಿದ್ದೀನಿ, ಇಂಥದ್ದು..."

"ಇಪ್ಪತ್ತೆಂಟು ಅನ್ನಿ ಮಿಸ್. ಕೈ ಮುಗೀತೀನಿ. ಒಂದು ವರ್ಷ ಸೇವೆ ಜಾಸ್ತಿ ಆದ್ರೆ ನಿಮಗೇನು ನಷ್ಟ?"

ಹೆಡ್ ಮಿಸ್ ಏನೋ ಗಟ್ಟಿಯಾಗಿ ಹೇಳಬೇಕೆಂದು ಕೊಡೆ ಎತ್ತಿದರು. ಅಷ್ಟರಲ್ಲಿ ಹುಡುಗಿ ಪುಸ್ತಕ ಹಿಡಿದುಕೊಂಡು ಬಾಗಿಲಿಗೆ ಬಂದು, "ಮಿಸ್, ಬೆಳಕಿನ ಪಾಠದಲ್ಲಿ ಒಂದು ಸಂಶಯ" ಎಂದಳು. ಕಣ್ಣ ಕೆಳಗಿನ ಕಪ್ಪು ಕಡಿಮೆಯಾಗಿತ್ತು. ಹೆಡ್ ಮಿಸ್ ಅವಳ ಮುಖವನ್ನೇ ನೋಡುತ್ತಾ ಕೊಡೆ ಇಳಿಸಿದರು. ಸಂಶಯ ಬಿಡಿಸಿ, "ಸೋಮವಾರ ನೋಡ್ತೀನಿ" ಎಂದಷ್ಟೇ ಹೇಳಿ ಹೊರಟರು.

ಇದೆಲ್ಲ ನಮ್ಮ ಸಾಲಿನೊಳಗಿನ ಮಾತಾಯಿತು. ನಿಲ್ದಾಣದಲ್ಲಿ ನಾನು ಪಟ್ಟ ಪಾಡನ್ನು ಹೇಗೆ ಹೇಳಲಿ?

ನಿಲ್ದಾಣದ ಧ್ವನಿವರ್ಧಕದ ಒಂದು ಕೊಳವೆ ನೇರವಾಗಿ ಗಮನಪ್ಪನ ಮಗಳ ಕಿಟಕಿಯ ಕಡೆಗೇ ತಿರುಗಿದೆ. ತುಕ್ಕು ಹಿಡಿದು ಅದು ಆ ಕಡೆಗೇ ಕಚ್ಚಿಕೊಂಡಿದೆ, ಅಲ್ಲಾಡುವುದಿಲ್ಲ. ಆದ್ದರಿಂದ ಮೈಕಿನಲ್ಲೂ ಪಥ್ಯ. ಆದರೆ ನಿಲ್ದಾಣದಲ್ಲಿ ಏಳನೇ ಅಂಕಣ ಇದೆ. ಬಂದರಿನ ಕಡೆ ಹೋಗುವ ಬಸ್ಸುಗಳೆಲ್ಲ ಅಲ್ಲೇ ನಿಲ್ಲುವುದು.

"ಪ್ರಯಾಣಿಕರ ಗಮನಕ್ಕೆ. ಬಂದರಿಗೆ ಹೋಗುವ ಬಸ್ಸು ಆರರ ಮುಂದಿನ ಅಂಕಣದಲ್ಲಿ ನಿಂತಿದೆ."

ಜನ ಹೋಗಿ ಆರನೇ ಅಂಕಣದ ಮುಂದೆ ನಿಂತರು. ಅಲ್ಲಿಂದ ಹೊರಡಬೇಕಾದ ಬಸ್ಸಿಗೆ ಅಡ್ಡವಾಗಿ, ಚೀಲ ಪೆಟ್ಟಿಗೆ ಸಮೇತ. ಚಾಲಕ ಹಾರ್ನ್ ಹೊಡೆದ. "ಇಲ್ಲೇ ಅಂತ ಹೇಳಿದ್ದಾರೆ, ನೀನೇ ಹಿಂದಕ್ಕೆ ಹೋಗು" ಎಂದು ಒಬ್ಬಾಕೆ ಅವನಿಗೆ ಜೋರು ಮಾಡಿದಳು.

ಗಮನಪ್ಪ ತಿದ್ದಿದ. "ಪ್ರಯಾಣಿಕರ ಗಮನಕ್ಕೆ. ಆರರ ಮುಂದೆ ನಿಂತವರು ದಯವಿಟ್ಟು ಎಂಟರ ಹಿಂದಿನ ಅಂಕಣಕ್ಕೆ ಬರಬೇಕು."

ಎಂಟರ ಹಿಂದೆ ಇರುವುದು ಗಂಡಸರ ಮೂತ್ರಾಲಯ. ನಲವತ್ತು ಜನ, ಮುದುಕಿಯರೂ ಮಕ್ಕಳೂ ಸೇರಿ, ಆ ಕಡೆ ನುಗ್ಗಿದರು. ಒಳಗಿದ್ದ ಗೃಹಸ್ಥರೊಬ್ಬರು ಗಾಬರಿಯಿಂದ, "ಇಲ್ಲಿಂದ ಯಾವ ಬಸ್ಸೂ ಹೋಗಲ್ಲಮ್ಮಾ, ನಂಬಿ ನನ್ನ!" ಎಂದು ಕೂಗಿದ್ದು ನನ್ನ ಕಿಟಕಿಗೂ ಕೇಳಿಸಿತು. ಬಂದರಿನ ಬಸ್ಸು ಖಾಲಿ ಹೋಯಿತು. ನಲವತ್ತೂ ಜನ ನನ್ನ ಕಿಟಕಿಗೆ ಬಂದರು.

ಅಂಕಣದ ಕಷ್ಟ ಹಾಗಾದರೆ ಸಮಯದ ಕಷ್ಟ ಇನ್ನೊಂದು ರೀತಿ. "ಆರು ಗಂಟೆ ಅರವತ್ತು ನಿಮಿಷಕ್ಕೆ ಹೊರಡುವ ಬಸ್ಸು" ಎಂದು ಅವನು ಕೂಗಿದಾಗ ಗಡಿಯಾರ ಕಟ್ಟಿಕೊಂಡವರೆಲ್ಲ ಗಡಿಯಾರ ಬಿಚ್ಚಿ ಅಲ್ಲಾಡಿಸಿ ನೋಡಿದರು. ಒಬ್ಬ ಮೇಷ್ಟ್ರು ಮಾತ್ರ, "ತಪ್ಪೇನಿಲ್ಲ, ಲೆಕ್ಕ ಸರಿಯಾಗೇ ಇದೆ" ಎಂದು ಅವನ ಪಕ್ಷ ವಹಿಸಿದರು. ಅಂಥವರು ಎಲ್ಲ ಕಡೆ ಇರುತ್ತಾರೆ.

ಹೀಗೆ ದಿನಗಳು ಕಳೆದು, ಆರನೇ ದಿನದ ಮರುದಿನ (ನನಗೂ ಅಷ್ಟರಲ್ಲಿ ಅಭ್ಯಾಸವಾಗಿತ್ತು), ಶುಕ್ರವಾರ ಬೆಳಿಗ್ಗೆ, ನಿಲ್ದಾಣದ ಮ್ಯಾನೇಜರ್ ನಮ್ಮ ಕೊಠಡಿಗೆ ನುಗ್ಗಿದರು. ಅವರ ಕೈಯಲ್ಲಿ ದೂರುಗಳ ಕಟ್ಟು.

"ಏನ್ರೀ ಇದು, ಆರು ಗಂಟೆ ನೂರೈದು ನಿಮಿಷ?"

"ಡಾಕ್ಟ್ರು ಬರೆದುಕೊಟ್ಟಿದ್ದಾರೆ ಸಾರ್."

"ನಿಮಗಾ?"

"ನನ್ನ ಮಗಳಿಗೆ ಸಾರ್."

"ಮಗಳಿಗೆ ಬರೆದ ಔಷಧಿ ಬಸ್ಸಿಗೆ ಯಾಕ್ರೀ ಕುಡಿಸ್ತೀರಿ?"

ಗಮನಪ್ಪ ಎಲ್ಲ ವಿವರಿಸಿದ. ನರ, ಪಥ್ಯ, ಕೊಳವೆ, ಹೆಡ್ ಮಿಸ್, ಕೆನ್ನೆ. ಹೇಳುತ್ತಾ ಹೇಳುತ್ತಾ ಅವನ ಆ ದೊಡ್ಡ ಧ್ವನಿ ಸಣ್ಣದಾಯಿತು. "ಇನ್ನೆರಡೇ ದಿನ ಸಾರ್. ಭಾನುವಾರ ಮುಗಿಯುತ್ತೆ. ಅವಳಿಗೊಂದು ವರ್ಷ ಹೋದ್ರೆ ನನ್ನಿಂದ ತಡಕೊಳ್ಳೋಕೆ ಆಗಲ್ಲ."

ಮ್ಯಾನೇಜರ್ ಮನುಷ್ಯ ಕೆಟ್ಟವರೇನಲ್ಲ. ಆದರೆ ಹೊರಗೆ ಬಂದರಿನ ಜನ ಮತ್ತೆ ಎಂಟರ ಹಿಂದಕ್ಕೆ ಹೊರಟಿದ್ದು ಅವರ ಕಣ್ಣಿಗೆ ಬಿತ್ತು. ತಾಳ್ಮೆ ತಪ್ಪಿತು. ಮೈಕ್ ಕಿತ್ತುಕೊಂಡರು.

"ಏಳು! ಏಳನೇ ಅಂಕಣ! ಏಳು ಮುಕ್ಕಾಲರ ಬಸ್ಸು ಏಳರಲ್ಲಿದೆ! ಕೇಳಿಸ್ತೇನ್ರಿ, ಏಳು! ಏಳು!"

ಬೆಂಚುಗಳ ಮೇಲೆ ಕೂತಿದ್ದವರೆಲ್ಲ ಒಟ್ಟಿಗೆ ಎದ್ದು ನಿಂತರು. ಯಾವ ಊರಿನ ಬಸ್ಸಿಗೆ ಕಾಯುತ್ತಿದ್ದವರೂ ಕೂತಲ್ಲೇ ಉಳಿಯಲಿಲ್ಲ.

ಗಮನಪ್ಪ ಕುರ್ಚಿ ಕೆಡವಿಕೊಂಡು ಓಡಿದ. ಹಿಂದೆ ನಾನು ಓಡಿದೆ. ನನ್ನ ಹಿಂದೆ, ತಾವು ಏನು ಮಾಡಿಬಿಟ್ಟೆವೋ ಎಂಬ ಗಾಬರಿಯಲ್ಲಿ, ಮ್ಯಾನೇಜರೂ ಓಡಿಬಂದರು.

ಮನೆಯ ಬಾಗಿಲ ಹತ್ತಿರ ಗಮನಪ್ಪ ಗಕ್ಕನೆ ನಿಂತ. ಒಳಗಿನಿಂದ ಅವನದೇ ಧ್ವನಿ ಕೇಳಿಬರುತ್ತಿತ್ತು.

"ಪ್ರಯಾಣಿಕರ ಗಮನಕ್ಕೆ. ಆರರ ಮುಂದಿನ, ಎಂಟರ ಹಿಂದಿನ, ಯಾರೂ ಹೆಸರು ಹೇಳಬಾರದ ಅಂಕಣದಿಂದ, ಆರು ಗಂಟೆ ನೂರೈದು ನಿಮಿಷಕ್ಕೆ, ನಮ್ಮ ಅಪ್ಪ ಹೊರಡುತ್ತಾರೆ. ಅವರಿಗೆ ಯಾರೂ ಕೈ ಅಡ್ಡ ಹಿಡಿಯಬಾರದೆಂದು ವಿನಂತಿ."

ಹುಡುಗಿ ಕನ್ನಡಿಯ ಮುಂದೆ ನಿಂತು, ಬಾಚಣಿಗೆಯನ್ನೇ ಮೈಕಿನ ಹಾಗೆ ಹಿಡಿದುಕೊಂಡಿದ್ದಳು. ಬ್ರಷ್ಷಲ್ಲ, ಬಾಚಣಿಗೆ. ಅದನ್ನು ನಾನು ಗಮನಿಸಿದೆ. ತಾಯಿ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ನಗುತ್ತಿದ್ದಳು. ಅಪ್ಪನನ್ನು ಕಂಡು ಹುಡುಗಿ ನಾಲಿಗೆ ಕಚ್ಚಿಕೊಂಡಳು.

"ಅಪ್ಪ, ಈಗ ಮೈಕಲ್ಲಿ ಕೂಗಿದ್ಯಾರು? ಧ್ವನಿ ಸ್ವಲ್ಪಾನೂ ಚೆನ್ನಾಗಿಲ್ಲ."

ಮ್ಯಾನೇಜರ್ ನನ್ನ ಬೆನ್ನ ಹಿಂದೆ ಸರಿದರು.

"ನೀನು ಯಾವಾಗ... ಯಾರು ನಿನ್ನ..." ಎಂದು ಗಮನಪ್ಪ ತೊದಲಿದ. ಎಬ್ಬಿಸಿದರು ಎಂಬ ಮಾತನ್ನೂ ಆಡಲು ಅವನಿಗೆ ಹೆದರಿಕೆ.

"ಯಾರೂ ಇಲ್ಲ. ನಿನ್ನೆ ಒಂಬತ್ತೂವರೆಗೇ ನಿದ್ದೆ ಬಂತು, ತಾನಾಗೇ ಎಚ್ಚರ ಆಯ್ತು. ಒಂದು ಪಾಠ ಓದಿಯೂ ಆಯ್ತು."

ಎಂಟು ತಿಂಗಳಿಂದ ಆ ಮನೆಯಲ್ಲಿ ಅಣಕ ಕೇಳಿರಲಿಲ್ಲ. ಗಮನಪ್ಪ ಹೊಸಿಲ ಮೇಲೆ ಕೂತುಬಿಟ್ಟ. ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದ, ಆಮೇಲೆ ಕಣ್ಣೂ ಒರೆಸಿಕೊಂಡ. ಮ್ಯಾನೇಜರ್ ಹೋಗಿ, ಮಧ್ಯಾಹ್ನದೊಳಗೆ ಒಂದು ಏಣಿ, ಸುತ್ತಿಗೆ ಮತ್ತು ಮೆಕ್ಯಾನಿಕನನ್ನು ಕಳಿಸಿ ಆ ಕೊಳವೆಯನ್ನು ಮಾರುಕಟ್ಟೆಯ ಕಡೆ ತಿರುಗಿಸಿದರು. ಇದು ವಾರದ ಮೊದಲೇ ಹೊಳೆದಿದ್ದರೆ ನನಗೆ ಎಷ್ಟೋ ಬೈಗುಳ ಉಳಿಯುತ್ತಿತ್ತು.

ಶನಿವಾರ ಡಾಕ್ಟರಮ್ಮ ಬಂದರು. ಗಂಟಲು ಸರಿಹೋಗಿತ್ತು. ಗಮನಪ್ಪ ಮಗಳೊಂದಿಗೆ ಹಾಜರಾದ, ನಾನೂ ಇದ್ದೆ.

"ಡಾಕ್ಟ್ರೇ, ನಿಮ್ಮ ಪಥ್ಯ ಅದ್ಭುತ" ಎಂದ. "ಒಂದೇ ಒಂದು ಚಿಂತೆ. ಇವಳಿಗೀಗ ಹದಿನಾರು. ಮುಂದಿನ ವರ್ಷ ಅದಕ್ಕೊಂದು ಸೇರುತ್ತೆ. ಆ ವಯಸ್ಸಿನ ಹೆಸರೊಳಗೇ ಆ ಪದ ಇದೆ. ಒಂದು ವರ್ಷ ಪೂರ್ತಿ ಏನು ಮಾಡೋಣ? ನೇರವಾಗಿ ಹದಿನೆಂಟು ಮಾಡಿಬಿಡೋಣವಾ?"

ಡಾಕ್ಟರಮ್ಮ ಅವನನ್ನು ನೋಡಿದರು, ನನ್ನನ್ನು ನೋಡಿದರು. "ಯಾವ ಪದ?" ಎಂದರು.

ಹುಡುಗಿ ಕಂಪಾಸ್ ಬಾಕ್ಸ್ ತೆರೆದು ಚೀಟಿ ತೆಗೆದು ಮೇಜಿನ ಮೇಲಿಟ್ಟಳು. ಗಮನಪ್ಪ ತಾನು ಅದನ್ನು ಓದಿದ ಬಗೆಯನ್ನು ವಿವರಿಸಿದ. ಡಾಕ್ಟರಮ್ಮ ನಗಲು ಶುರು ಮಾಡಿದವರು, ಗಂಟಲು ಮತ್ತೆ ಕಟ್ಟೀತೆಂದು ಕೈ ಒತ್ತಿಕೊಂಡು ನಕ್ಕರು.

"ಅಯ್ಯೋ ಪುಣ್ಯಾತ್ಮಾ, ಅದು ಗಂಟೆ ಲೆಕ್ಕ! ಪರೀಕ್ಷೆ ಆದ್ಮೇಲೆ ಏಳು ಗಂಟೆ ನಿದ್ದೆ ಕೊಡೋಣ ಅಂದ್ರಲ್ಲ, ಅದಕ್ಕೆ ಬರೆದೆ. ಏಳು ಸಾಲದು, ಒಂಬತ್ತು ಗಂಟೆ ನಿದ್ದೆ ಬೇಕು ಅಂತ."

ಗಮನಪ್ಪ ಚೀಟಿಯನ್ನು ಕೈಗೆತ್ತಿಕೊಂಡು, ಗಂಟೆ ಎಂಬ ಪದ ಎಲ್ಲಿದೆ ಎಂದು ಎರಡೂ ಬದಿ ಹುಡುಕಿದ.

"ಒಂಬತ್ತು ಗಂಟೆ ಸೋಮಾರಿತನ ಅಲ್ವಾ ಡಾಕ್ಟ್ರೇ?" ಎಂದ ಕೊನೆಗೆ.

"ಈ ವಯಸ್ಸಿಗೆ ಅಲ್ಲ. ಎಂಟರಿಂದ ಹತ್ತು ಗಂಟೆ ಬೇಕೇ ಬೇಕು. ಇವರ ಮೈಯೊಳಗಿನ ಗಡಿಯಾರ ನಮ್ಮದಕ್ಕಿಂತ ತಡವಾಗಿ ಓಡುತ್ತೆ. ಬೇಗ ಮಲಗು ಅಂದ್ರೂ ನಿದ್ದೆ ಬರಲ್ಲ, ಬೇಗ ಎಬ್ಬಿಸಿದ್ರೆ ಅರ್ಧ ನಿದ್ದೆ ಹೋಗುತ್ತೆ. ಹಗಲು ಓದಿದ್ದು ತಲೇಲಿ ಗಟ್ಟಿಯಾಗೋದೇ ಮಲಗಿದಾಗ. ಮೈ ಬೆಳೆಯೋದಕ್ಕೂ ಅದೇ ಬೇಕು. ನಿದ್ದೆ ಕಡಿಮೆ ಆದ್ರೆ ಸಿಡುಕು, ಅಳು, ಪದೇ ಪದೇ ನೆಗಡಿ, ಮನಸ್ಸಿಗೆ ಏನೂ ಬೇಡ ಅನ್ನಿಸೋದು. ನಾಲ್ಕೂವರೆಗೆ ಎಬ್ಬಿಸಿದ್ರೆ ಪುಸ್ತಕ ತೆರೆದಿರುತ್ತೆ ಅಷ್ಟೇ, ತಲೆಗೆ ಏನೂ ಹೋಗಿರಲ್ಲ."

ಗಮನಪ್ಪ ತನಗೆ ಅರ್ಥವಾಗುವ ಭಾಷೆಗೆ ಅದನ್ನು ಇಳಿಸಿಕೊಂಡ. "ಅಂದ್ರೆ, ಡಿಪೋದಲ್ಲಿ ರಿಪೇರಿ ಮುಗಿಯೋಕೆ ಮುಂಚೇನೇ ಬಸ್ಸು ಹೊರಗೆ ತರ್ತಿದ್ದೆ."

"ಹೂಂ. ದಿನಾ" ಎಂದರು ಡಾಕ್ಟರಮ್ಮ. "ಅದಿರಲಿ, ಈ ವಾರ ಎಷ್ಟು ಹೊತ್ತು ಮಲಗಿದ್ದಾಳೆ?"

"ಎಬ್ಬಿಸೋ ಹಾಗಿಲ್ವಲ್ಲ. ಮೊದಲೆರಡು ದಿನ ಹನ್ನೊಂದು, ಹನ್ನೆರಡು ಗಂಟೆ. ಆಮೇಲಾಮೇಲೆ..." ಅವನು ಮಗಳ ಕಡೆ ನೋಡಿದ.

"ಒಂಬತ್ತು" ಎಂದಳು ಮಗಳು.

"ಸರಿ ಮತ್ತೆ. ಔಷಧಿ ಸರಿಯಾಗೇ ತಗೊಂಡಿದ್ದೀರಿ" ಎಂದು ಡಾಕ್ಟರಮ್ಮ ಮುಂದಿನ ರೋಗಿಯನ್ನು ಕರೆದರು.

ಹೊರಗೆ ಬಂದು ಗಮನಪ್ಪ ಮಗಳನ್ನು ಕೇಳಿದ. "ನಿನಗೆ ಮೊದಲೇ ಗೊತ್ತಿತ್ತಾ?"

"ಹೂಂ."

"ಯಾಕೆ ಹೇಳ್ಲಿಲ್ಲ?"

"ಹೇಳೋಣ ಅಂತಿದ್ದೆ ಅಪ್ಪ. ತುಂಬಾ ನಿದ್ದೆ ಬರ್ತಿತ್ತು."

ಗಮನಪ್ಪ ಅವಳ ತಲೆಯ ಮೇಲೆ ಕೈಯಿಟ್ಟು ಮನೆಯವರೆಗೂ ಹಾಗೇ ನಡೆದ.

ಸೋಮವಾರ ಅವನು ರಜೆ ಹಾಕಿ ಶಾಲೆಯ ಗೇಟಿನ ಹೊರಗೆ ಮೂರು ಗಂಟೆ ಒಂಟಿಕಾಲಲ್ಲಿ ನಿಂತಿದ್ದ. ಪರೀಕ್ಷೆ ಮುಗಿದ ಮೇಲೆ ಹೆಡ್ ಮಿಸ್ ತಾವೇ ಹೊರಗೆ ಬಂದರು. ಹುಡುಗಿಯ ಗಲ್ಲ ಹಿಡಿದು ಬಲಗೆನ್ನೆ ನೋಡಿದರು, ಎಡಗೆನ್ನೆ ನೋಡಿದರು. "ಎರಡೂ ಚೊಕ್ಕಟವಾಗಿವೆ. ಉತ್ತರ ಎಲ್ಲಾ ಹಾಳೆ ಮೇಲೇ ಇದೆ" ಎಂದರು. "ದೊಡ್ಡ ಪರೀಕ್ಷೆಗೆ ಹೆಸರು ಕಳಿಸ್ತೀನಿ. ಇನ್ನು ನಾಲ್ಕನೇ ತರಗತಿಯವರಿಗೆ ಅಕ್ಕ ಗುಣವಾದ್ಳು ಅಂತ ನೀವೇ ಬಂದು ಹೇಳಿ. ನಾನು ಹೇಳಿದ್ರೆ ನಂಬ್ತಿಲ್ಲ."

ಮಂಗಳವಾರ ಬೆಳಿಗ್ಗೆ ಆರು ಗಂಟೆಗೆ ಮೈಕಿನ ಹಿಂದಿನ ಕುರ್ಚಿ ಖಾಲಿ ಇತ್ತು. ಇಪ್ಪತ್ತೆರಡು ವರ್ಷದಲ್ಲಿ ಹೀಗಾದದ್ದು ಇದೇ ಮೊದಲು. ಆರೂವರೆಯಾಯಿತು, ಮುಕ್ಕಾಲಾಯಿತು. ಜನ ನನ್ನ ಕಿಟಕಿಯ ಮುಂದೆ ಸಾಲುಗಟ್ಟಿದರು. ನಾನು ಗಾಬರಿಯಿಂದ ಅವನ ಮನೆಗೆ ಓಡಿದೆ.

ಬಾಗಿಲು ತೆಗೆದವಳು ಮಗಳು. ಆಗಲೇ ಎದ್ದು ಮುಖ ತೊಳೆದು ಲವಲವಿಕೆಯಿಂದ ಇದ್ದಳು. ಒಳಗೆ ಗಮನಪ್ಪ ಹೊದಿಕೆ ಎಳೆದುಕೊಂಡು ಮಲಗಿದ್ದ. ಅಷ್ಟು ದಿನದ ಆತಂಕವೆಲ್ಲ ಒಂದೇ ಸಲ ಇಳಿದು, ಅಷ್ಟು ವರ್ಷದ ನಿದ್ದೆಯೆಲ್ಲ ಒಂದೇ ಸಲ ಬಂದಿತ್ತು. ಗೊರಕೆಯೂ ಗಂಭೀರವಾಗಿತ್ತು, ಸ್ಪಷ್ಟವಾಗಿತ್ತು.

"ಎಬ್ಬಿಸಮ್ಮ, ಮ್ಯಾನೇಜರ್ ಬರೋ ಹೊತ್ತಾಯ್ತು" ಎಂದೆ.

ಅವಳು ಮಂಚದ ಪಕ್ಕ ನಿಂತು, ಎದೆ ತುಂಬ ಉಸಿರು ಎಳೆದುಕೊಂಡಳು. ಥೇಟ್ ಅಪ್ಪನ ಹಾಗೆ. ನಾನು ಕಿವಿ ಮುಚ್ಚಿಕೊಂಡೆ. ಆದರೆ ಅವಳು ಬಗ್ಗಿ, ಅವನ ಕಿವಿಯ ಹತ್ತಿರ, ಮೆಲ್ಲಗೆ, "ಅಪ್ಪಾ, ಏಳು" ಎಂದಳು.

ಹೊದಿಕೆಯೊಳಗಿನಿಂದ ಉತ್ತರ ಬಂತು. "ಎಂಟು."

ಹುಡುಗಿ ನಕ್ಕು, ಹೊದಿಕೆಯನ್ನು ಅವನ ಕತ್ತಿನವರೆಗೆ ಎಳೆದು ಸರಿಮಾಡಿದಳು. ನನ್ನನ್ನು ಬಾಗಿಲವರೆಗೆ ಕಳಿಸಲು ಬಂದು, ಡಾಕ್ಟರಮ್ಮನ ಧ್ವನಿಯಲ್ಲೇ ಹೇಳಿದಳು:

"ಇವತ್ತೊಂದಿನ ನೀವೇ ಕೂಗಿಬಿಡಿ ಮಾಮ. ಅಪ್ಪಂಗೆ ಏಳು ಬೇಡ, ಎಂಟು ಬೇಕು."